ನಂದಾದೀಪಕ್ಕೆ ನಾಲ್ಕು

ಪಡಸಾಲೆಯ ಗೋಡೆಗೆ ಹೊಡೆದ ಪೆಟ್ಟಿಗೆಯಲ್ಲಿ ಕೆಂಪು ಸೊನ್ನೆ ಉರಿಯುತ್ತಿತ್ತು. ನಾನು ಅದರ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ. ಹಿಂದೆ ನಿಂತಿದ್ದ ಫೌಜದಾರ ಬೀರಲಿಂಗಪ್ಪ ಮತ್ತೊಮ್ಮೆ ಕೈಗಡಿಯಾರ ನೋಡಿಕೊಂಡ.

"ಆತೇನ್ರಿ ವಕೀಲಬಾಯಿ? ಸೊನ್ನೆ ನೋಡಾಕ ಇಷ್ಟು ಹೊತ್ತು ಬೇಕೇನ್ರಿ?"

ಬೇಕು ಅಂದೆ. ಅವನಿಗೆ ಊಟದ ಅವಸರ, ನನಗೆ ನಾಳಿನ ಕೋರ್ಟಿನ ಅವಸರ.

ಅಫಜಲಪುರದ ಈ ವಾಡೆಯ ದೇವರ ಕೋಣೆಯಿಂದ ಬಂಗಾರದ ವಿಠ್ಠಲ ಮಾಯವಾಗಿ, ಕಳ್ಳ ಹೊಕ್ಕರೆ ಕೂಗಬೇಕಿದ್ದ ಗಂಟೆ ಕೂಗದೆ ಹೋಗಿದ್ದಕ್ಕೆ, ಆ ಗಂಟೆ ಕಟ್ಟಿಕೊಟ್ಟ ದೇವೀಂದ್ರಪ್ಪನನ್ನೇ ಪೊಲೀಸರು ಒಳಗೆ ಹಾಕಿದ್ದರು. ಕಿಣ್ಣಿ ಸುಲ್ತಾನ ಅನ್ನುವ ಹಳ್ಳಿಯ ಹುಡುಗ, ಡಿಪ್ಲೊಮಾ ಮಾಡಿದವನು, ಆಳಂದದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ. ಜೇವರ್ಗಿಯಿಂದ ಬಂದ ನಾನು, ಶಿವಕಾಂತಾ, ಅವನ ವಕೀಲೆ.

ನಾಳೆ ಜಾಮೀನಿನ ವಿಚಾರಣೆ. ಸಿಗದಿದ್ದರೆ ಮಾಲು ಹೊರಡಿಸಬೇಕು ಎಂದು ಅವನನ್ನು ಮತ್ತೆ ಠಾಣೆಗೆ ಕೇಳುತ್ತಾರೆ. ಹೋದ ಸಲ ಠಾಣೆಯಲ್ಲಿ ಏನಾಯಿತು ಅಂತ ಅವನ ಬಲಗೈ ಬೆರಳು ನೋಡಿದವರಿಗೆ ಗೊತ್ತು. ಬೆಸುಗೆ ಕಡ್ಡಿ ಹಿಡಿಯುವ ಬೆರಳು ಅವು. ಇನ್ನೊಂದು ಸಲ ಒಯ್ದರೆ ಅವು ಯಾವ ಕೆಲಸಕ್ಕೂ ಬರಲಿಕ್ಕಿಲ್ಲ.

ಅದಕ್ಕೇ ನನಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಹುಟ್ಟಿದಾಗಿಂದ ನಿನ್ನ ಕಾಲಿಗೆ ಗಾಲಿ ಅಂತ ನಮ್ಮವ್ವ ಬೈಯುತ್ತಾಳೆ. ಅವತ್ತು ಮಾತ್ರ ಗಾಲಿ ಸುಟ್ಟುಹೋಗುವಷ್ಟು ತಿರುಗಿದ್ದೆ.

ಈ ಪೆಟ್ಟಿಗೆಯ ಹಕೀಕತ್ತನ್ನು ದೇವೀಂದ್ರಪ್ಪ ಜೈಲಿನ ಸರಳಿನ ಹಿಂದಿನಿಂದ ನನಗೆ ಎರಡು ಸಲ ಬಿಡಿಸಿ ಹೇಳಿದ್ದ. ಮೊದಲನೇ ಸಲ ನನ್ನ ತಲೆಗೆ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ದೇವರ ಕೋಣೆಯ ಗೂಡಿನಲ್ಲಿ ಒಂದು ಸಣ್ಣ ಡಬ್ಬಿ. ಡಬ್ಬಿಯ ಮುಖದಲ್ಲಿ ತೊಗರಿ ಕಾಳಿನಷ್ಟು ಒಂದು ಕಣ್ಣು. ಕಣ್ಣಿಗೆ ಬೆಳಕು ಬಿದ್ದಷ್ಟೂ ಒಳಗಿನ ವಿದ್ಯುತ್ತು ಬೇಗ ಬೇಗ ಮಿಡಿಯುತ್ತದೆ. ಪಡಸಾಲೆಯ ಪೆಟ್ಟಿಗೆಯಲ್ಲಿರುವ ಐಸಿ ಆ ಮಿಡಿತ ಎಣಿಸಿ ಅಂಕಿಯಾಗಿ ತೋರಿಸುತ್ತದೆ. ಅಂಕಿ ಇಪ್ಪತ್ತು ದಾಟಿತೋ, ಗಂಟೆ.

ಮೊದಲು ಮಾದನಹಿಪ್ಪರಗಾದ ಒಬ್ಬ ಕಾಳಿನ ವ್ಯಾಪಾರಿಗೆ ಅಂಕಿ ಇಲ್ಲದ ಗಂಟೆ ಮಾಡಿಕೊಟ್ಟಿದ್ದನಂತೆ. ಎಷ್ಟು ಬೆಳಕಿಗೆ ಕೂಗಬೇಕು ಅಂತ ಒಂದು ತಿರುಪು ತಿರುಗಿಸಿ ಇಡಬೇಕಿತ್ತು. ಮನೆಯ ಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಆ ತಿರುಪು ತಿರುವಿ, ಅದು ಮಿಂಚು ಹೊಡೆದರೂ ಕೂಗಿ, ಕೊನೆಗೆ ಅವರು ಅದಕ್ಕೆ ಗೋಣಿಚೀಲ ಸುತ್ತಿ ಇಟ್ಟರಂತೆ. ಬೆಳಕನ್ನೇ ಅಂಕಿ ಮಾಡಿದರೆ ಯಾರ ಕೈಗೂ ತಿರುಪು ಕೊಡಬೇಕಾಗಿಲ್ಲ ಅಂತ ಅವನಿಗೆ ಆಗ ಹೊಳೆಯಿತು.

ಈ ಮನೆಯ ದೇವರ ಕೋಣೆಗೆ ಕಿಟಕಿ ಒಂದೇ, ಅದೂ ಮುಚ್ಚಿದ್ದೇ. ಆದರೆ ನಂದಾದೀಪ ಇದೆ. ಬಾಗಿಲು ಹಾಕಿದರೆ ಆ ದೀಪದ ಬೆಳಕಿಗೆ ಪೆಟ್ಟಿಗೆ ನಾಲ್ಕು ತೋರಿಸುವಂತೆ ಅವನು ಕೂರಿಸಿದ್ದ. ನಾಲ್ಕು ಇದ್ದರೆ ದೀಪ ಉರಿಯುತ್ತಿದೆ, ಕಣ್ಣು ತೆರೆದಿದೆ. ಸೊನ್ನೆ ಬಂದರೆ ದೀಪ ಆರಿದೆ, ಇಲ್ಲಾ ಕಣ್ಣು ಮುಚ್ಚಿದೆ. ಸೊನ್ನೆ ಕಂಡ ಕೂಡಲೆ ಆಳಂದಕ್ಕೆ ಸುದ್ದಿ ಕಳಿಸಿರಿ ಅಂತ ಮನೆಯ ಯಜಮಾನ ಗೋವಿಂದರಾಯರಿಗೆ ಹೇಳಿಯೂ ಇದ್ದನಂತೆ.

ಈಗ ಹಾಡಾಹಗಲು. ದೇವರ ಕೋಣೆಯ ಬಾಗಿಲು ಹಾರು ಹೊಡೆದಿದೆ. ಪೆಟ್ಟಿಗೆಯ ಕೀಲಿ ಚಾಲೂ ಇದೆ. ಆದರೂ ಸೊನ್ನೆ.

"ಇದೇ ನೋಡ್ರಿ," ಬೀರಲಿಂಗಪ್ಪ ಅಂದ. "ಮಾಡಿದವನs ಒಳಗಿನ ತಂತಿ ಕತ್ತರಿಸ್ಯಾನ."

ಹೊಸ್ತಿಲಲ್ಲಿ ನಿಂತು ನಾನು ಒಳಗೆ ಇಣುಕಿದೆ. ಖಾಲಿ ಪೀಠದ ಪಕ್ಕ ನಂದಾದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಮುಂದೆ ಗೋವಿಂದರಾಯರ ತಾಯಿ ವತ್ಸಲಾಬಾಯಿ ಕಾಲು ಮಡಚಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಬೋಳು ಹಣೆ, ಮಾಸಲು ಕೆಂಪು ಸೀರೆ, ಮೈಯಲ್ಲಿ ಮಾಂಸವೇ ಇಲ್ಲ. ಗಂಡ ತೀರಿಕೊಂಡಾಗಿಂದ ಈ ದೀಪವೇ ಅವರ ಸಂಸಾರ ಅಂತ ಓಣಿಯ ಮಂದಿ ಹೇಳಿದ್ದರು.

ದೀಪ ಎಂದಾದರೂ ಆರಿತ್ತೇ ಅಂತ ಕೇಳಿದೆ. ಅವರು ತಲೆ ಎತ್ತಿ ನನ್ನನ್ನು ನೋಡಿದ ರೀತಿಗೆ, ಕೇಳಬಾರದ್ದು ಕೇಳಿಬಿಟ್ಟೆ ಅನ್ನಿಸಿತು.

"ನಾ ಜೀವಂತ ಇರೂತನಕ ಆರೂದಿಲ್ಲವಾ," ಅಂದರು.

ಹಾಗಾದರೆ ಕಣ್ಣೇ ಮುಚ್ಚಿರಬೇಕು. ಒಳಗೆ ಬರಲೇ ಅಂದೆ. ಅವರು ಸ್ವಲ್ಪ ತಡೆದು ಸರಿದು ಕೂತರು. ನನಗೆ ಆ ತಡೆಯೂ ಗೊತ್ತು, ಅದಕ್ಕೆ ಕೊಡುವ ಹೆಸರೂ ಗೊತ್ತು. ಜಗಳಕ್ಕೆ ಅದು ಹೊತ್ತಲ್ಲ ಅಂತ ಸುಮ್ಮನೆ ಒಳಗೆ ಹೋದೆ.

ಗೂಡಿನ ಡಬ್ಬಿಗೆ ಪೂಜೆಯಾಗಿತ್ತು. ನಮ್ಮ ಕಡೆ ದಸರೆಯ ಖಂಡೆ ಪೂಜೆಗೆ ಹೊಲಿಗೆ ಮಶಿನ್ನು, ಸೈಕಲ್ಲು, ಹಿಟ್ಟಿನ ಗಿರಣಿ ಯಾವುದನ್ನೂ ಬಿಡುವುದಿಲ್ಲ. ಹೊಸ ಗಂಟೆಯನ್ನು ಬಿಡುತ್ತಾರೆಯೇ? ಡಬ್ಬಿಯ ಮೇಲುಭಾಗದಲ್ಲಿ ಅರಿಷಿಣದ ಬೊಟ್ಟು, ಅದರ ನಡುವೆ ಕುಂಕುಮ. ಒಣಗಿ ಅಂಚು ಉದುರಿತ್ತು. ಅದರ ಕೆಳಗೆ, ತೊಗರಿ ಕಾಳಿನ ಕಣ್ಣಿನ ಮೇಲೆಯೇ, ಇನ್ನೊಂದು ಕುಂಕುಮ. ದಪ್ಪಗೆ, ದುಂಡಗೆ.

ನನಗೆ ನಗು ಬಂತು, ಮರುಕ್ಷಣ ಸಿಟ್ಟು ಬಂತು. ಒಂದು ಚಿಟಿಕೆ ಕುಂಕುಮಕ್ಕೆ ಒಬ್ಬ ಹುಡುಗನ ಬೆರಳು ಮುರಿದಿದ್ದಾರಲ್ಲ.

ಬೆರಳ ತುದಿಯಿಂದ ಅದರ ಅಂಚು ಮುಟ್ಟಿ ನೋಡಿದೆ. ಅಂಟಿದ್ದನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಬೀರಲಿಂಗಪ್ಪನನ್ನು ಕರೆದೆ. ನೀನೇ ತೆಗೆ, ಪಂಚರ ಮುಂದೆ ತೆಗೆ, ಪೊಟ್ಟಣ ಕಟ್ಟಿ ಮುದ್ರೆ ಹಾಕು ಅಂದೆ. ನಾಳೆ ವಕೀಲಬಾಯಿಯೇ ಬಳಿದು ಬಂದಳು ಅನ್ನಬಾರದಲ್ಲ. ಅವನು ಗೊಣಗುತ್ತ ಬ್ಲೇಡು ತರಿಸಿದ. ಪಕ್ಕದ ಮನೆಯ ಇಬ್ಬರು ಪಂಚರಾಗಿ ಬಂದು ನಿಂತರು.

ಬ್ಲೇಡು ಹಾಕಿದಾಗ ಪುಡಿ ಉದುರಲಿಲ್ಲ. ಸಿಪ್ಪೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು.

ಅಷ್ಟೇ, ಗಂಟೆ ಶುರುವಾಯಿತು. ಇಡೀ ವಾಡೆ ನಡುಗುವಂಥ ಗಂಟೆ. ಬೀರಲಿಂಗಪ್ಪನ ಕೈಯಿಂದ ಬ್ಲೇಡು ಬಿತ್ತು. ಪಂಚರು ಅಂಗಳಕ್ಕೆ ಹಾರಿದರು. ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿತು. ನಾನು ಪಡಸಾಲೆಗೆ ಓಡಿ ನೋಡಿದೆ. ಸೊನ್ನೆ ಇದ್ದ ಜಾಗದಲ್ಲಿ ಎಪ್ಪತ್ತೊಂದು ಉರಿಯುತ್ತಿತ್ತು.

ದೇವೀಂದ್ರಪ್ಪನ ತಂತಿ ಒಂದೂ ಕಡಿದಿರಲಿಲ್ಲ. ಅವನು ಕಟ್ಟಿದ್ದು ಮೊದಲ ದಿನದ ಹಾಗೆಯೇ ಇತ್ತು. ನನ್ನ ಮೈಗೆ ಜೀವ ಬಂತು.

ಗೋವಿಂದರಾಯರ ಹೆಂಡತಿ ಜಾನಕೀಬಾಯಿ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಓಡಿ ಬಂದು ಕೀಲಿ ತಿರುಗಿಸಿ ಗಂಟೆ ನಿಲ್ಲಿಸಿದರು. ಗುಂಡು ಮುಖದ ಹೆಂಗಸು. ಹಣೆಗೆ ಅಂಗಡಿಯ ಟಿಕಳಿ, ಅದು ಬೆವರಿಗೆ ಜಾರಿ ಹುಬ್ಬಿನ ಮೇಲೆ ಬಂದಿತ್ತು. ಅಂಥ ಗಡಿಬಿಡಿಯಲ್ಲೂ ಅತ್ತೆ ಸೊಸೆಯನ್ನು ಕೆಣಕಿದರು. ನಮ್ಮ ಕಾಲದಲ್ಲಿ ಬೆಳಗ್ಗೆ ಇಟ್ಟ ಕುಂಕುಮ ಎಂಥ ಬೆವರಿಗೂ ಅಲ್ಲಾಡುತ್ತಿರಲಿಲ್ಲ, ಇವು ನೋಡಿದರೆ ಊರೆಲ್ಲ ತಿರುಗುತ್ತವೆ ಅಂದರು. ಸೊಸೆ ನಾಚಿ ಟಿಕಳಿ ಸರಿಮಾಡಿಕೊಂಡರು.

ನಾನು ಜಾನಕೀಬಾಯಿಯನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ಪೆಟ್ಟಿಗೆ ಯಾವಾಗಿಂದ ಸೊನ್ನೆ ತೋರಿಸುತ್ತಿದೆ ಅಂತ ಕೇಳಿದೆ. ಖಂಡೆ ಪೂಜೆಯ ಸಂಜೆಯಿಂದ ಅಂದರು. ಅವತ್ತು ಪೂಜೆಗೆಂದು ಕೀಲಿ ಬಂದ್ ಮಾಡಿದ್ದರಂತೆ. ಸಂಜೆ ಮತ್ತೆ ಚಾಲೂ ಮಾಡಿದಾಗ ಸೊನ್ನೆ ಬಂತಂತೆ. ಬಂದಿದ್ದು ನೋಡಿ ಖುಷಿಯಾಗಿದ್ದರಂತೆ ಪುಣ್ಯಾತ್ಮಗಿತ್ತಿ. ಸೊನ್ನೆ ಅಂದರೆ ಕಳ್ಳರು ಇಲ್ಲ ಅಂತ ತಿಳಿದುಕೊಂಡಿದ್ದರಂತೆ.

ಹಣೆಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಹೊಡೆದುಕೊಳ್ಳಲಿಲ್ಲ. ಡಬ್ಬಿಗೆ ಪೂಜೆ ಮಾಡಿದ್ದು ಯಾರು ಅಂದೆ. ನಾನೇ ಅಂದರು. ಕಣ್ಣಿನ ಮೇಲೆ ಕುಂಕುಮ ಹಚ್ಚಿದ್ದೂ ನೀವೇನಾ ಅಂದೆ. ಜಾನಕೀಬಾಯಿ ಲಟ್ಟಣಿಗೆ ಕೆಳಗಿಟ್ಟರು.

"ಕಣ್ಣಿಗೆ ಯಾರರೆ ಕುಂಕುಮ ಹಚ್ತಾರೇನ್ರಿ? ಹಣಿಗೆ ಹಚ್ಚೇನಿ. ಅರಿಷಿಣ ಮೊದ್ಲು, ಆಮ್ಯಾಲೆ ಕುಂಕುಮ. ಬರೇ ಕುಂಕುಮ ನಮ್ಮ ಮನ್ಯಾಗ ಇಡೂದಿಲ್ರಿ."

ಹೌದಲ್ಲ. ಕಣ್ಣಿನ ಮೇಲಿನದರ ಕೆಳಗೆ ಅರಿಷಿಣ ಇರಲೇ ಇಲ್ಲ. ಎರಡು ಬೊಟ್ಟು, ಎರಡು ಕೈ. ಒಂದು ಪೂಜೆಯದ್ದು. ಇನ್ನೊಂದು ಪೂಜೆಯ ವೇಷ ಹಾಕಿದ್ದು. ಯಾರೋ ಬೇಕಂತಲೇ ಕಣ್ಣು ಕಟ್ಟಿದ್ದಾರೆ, ನೋಡಿದವರು ಭಕ್ತಿ ಅಂದುಕೊಳ್ಳಲಿ ಅಂತ.

ಪೊಟ್ಟಣಕ್ಕೆ ಮುದ್ರೆ ಒತ್ತಿ ಜೇಬಿಗೆ ಇಳಿಸುತ್ತಿದ್ದ ಬೀರಲಿಂಗಪ್ಪನಿಗೆ ಇದನ್ನು ಹೇಳಿದೆ. ಅವನು ಮೀಸೆ ಸವರಿಕೊಂಡು ನಕ್ಕ. ನನಗೆ ಆ ನಗು ಸೇರಲಿಲ್ಲ.

"ಬರಾಬರಿ ಹೇಳಿದ್ರಿ. ಬಳಿದಾಂವ ನಿಮ್ಮ ಹುಡುಗs. ಪೂಜಿ ದಿನ ಒಳಗ ಹೋಗಿ ಆರತಿ ತಗೊಂಡೇನಿ ಅಂತ ಅವನs ಹೇಳಿಕಿ ಕೊಟ್ಟಾನಲ್ರಿ."

ಹೌದು, ಕೊಟ್ಟಿದ್ದ. ಅದರ ಕೆಳಗೆ ಅವನ ಸಹಿಯೂ ಇತ್ತು. ಬಂದ ಜೀವ ಮತ್ತೆ ಹೋಯಿತು.

ಪೂಜೆಯ ದಿನ ದೇವೀಂದ್ರಪ್ಪ ಎಲ್ಲಿ ಕೂತಿದ್ದ ಅಂತ ಜಾನಕೀಬಾಯಿಯನ್ನು ಕೇಳಿದೆ.

"ಅವರಿಗೆ ಬೇವಿನ ಗಿಡದ ಕೆಳಗ ಎಲಿ ಹಾಕಿ..." ಅಂದವರು ಅಲ್ಲಿಗೇ ನಿಂತರು.

ನನ್ನ ಬೆನ್ನ ಹಿಂದೆ ಕೆಮ್ಮಿನ ಸದ್ದು. ಗೋವಿಂದರಾಯರು ಬಂದಿದ್ದರು. ಖಾದಿ ಜುಬ್ಬಾ, ಹಸನ್ಮುಖ. ಆ ಭಾಗದಲ್ಲಿ ಸಮಾನತೆಯ ಸಭೆ ಎಲ್ಲೇ ನಡೆಯಲಿ, ವೇದಿಕೆಯ ಮೇಲೆ ಅವರದೊಂದು ಕುರ್ಚಿ ಇರುತ್ತದೆ. ನಮ್ಮ ಮನೆಯಲ್ಲಿ ಭೇದ ಭಾವ ಇಲ್ಲ, ಹುಡುಗ ಎಲ್ಲರ ಜೊತೆ ಒಳಗೇ ಕೂತು ಉಂಡ, ದೇವರ ಮುಂದೆ ನಿಂತು ಆರತಿಯನ್ನೂ ತೆಗೆದುಕೊಂಡ ಅಂದರು. ಹಾಗೆ ಉಂಡ ಮನೆಗೇ ಕನ್ನ ಹಾಕಿದನಲ್ಲ ಅಂತ ನೊಂದುಕೊಂಡರು. ಜಾನಕೀಬಾಯಿ ತಲೆ ತಗ್ಗಿಸಿ ಹಿಟ್ಟು ನಾದತೊಡಗಿದರು. ಆ ಹಿಟ್ಟಿಗೆ ಅಷ್ಟು ನಾದುವ ಜರೂರು ಇರಲಿಲ್ಲ.

ನಾನು ಅಲ್ಲಿ ನಿಲ್ಲಲಿಲ್ಲ. ಊಟ ಮಾಡಿಕೊಂಡು ಹೋಗಿರಿ ಅಂದದ್ದು ಕೇಳಿಸದ ಹಾಗೆ ಚಪ್ಪಲಿ ಮೆಟ್ಟಿಕೊಂಡು ಸಬ್‌ಜೈಲಿನ ಕಡೆ ನಡೆದೆ. ಅಕ್ಟೋಬರಿನ ಬಿಸಿಲು ನೆತ್ತಿ ಸುಡುತ್ತಿತ್ತು. ಕರಿ ಕೋಟು ಬಿಚ್ಚಿ ಕೈಮೇಲೆ ಹಾಕಿಕೊಂಡಿದ್ದೆ. ಬೇವಿನ ಗಿಡ, ಬೇವಿನ ಗಿಡ ಅಂತ ಬಾಯಿ ತನ್ನಷ್ಟಕ್ಕೆ ತಾನೇ ಅನ್ನುತ್ತಿತ್ತು.

ದೇವೀಂದ್ರಪ್ಪ ಸರಳಿನ ಆಚೆ ನಿಂತು ಎಡಗೈಯಿಂದ ಬಲಗೈ ಬೆರಳು ಒತ್ತಿಕೊಳ್ಳುತ್ತಿದ್ದ. ಗಂಟೆ ಕೂಗಿತು ಅಂದೆ. ಅವನ ಮುಖ ಅರಳಿತು. ಎಷ್ಟು ತೋರಿಸಿತು ಅಂತ ಕೇಳಿದ. ಎಪ್ಪತ್ತೊಂದು ಅಂದೆ. ನಾನು ಎಪ್ಪತ್ತರ ಲೆಕ್ಕ ಹಾಕಿದ್ದೆ ಅಂತ ನಕ್ಕ. ಜೈಲಿನಲ್ಲಿ ನಿಂತು ಅಂಕಿಗೆ ನಗುವ ಹುಚ್ಚ.

"ದೇವೀಂದ್ರಪ್ಪ, ಪೂಜಿ ದಿನ ನೀ ದೇವರ ಕೋಣ್ಯಾಗ ಹೋಗಿದ್ದೇನು?"

ನಗು ಹೋಯಿತು. ಹೋಗಿದ್ದೆ ಅಂದ. ಎಲ್ಲಿ ಊಟ ಮಾಡಿದೆ ಅಂದೆ. ಒಳಗೆ ಅಂದ. ಬೇವಿನ ಗಿಡ ಯಾವಾಗಿಂದ ಪಡಸಾಲೆಯಲ್ಲಿ ಬೆಳೆಯತೊಡಗಿತು ಅಂದೆ. ಅವನು ಗೋಡೆಯ ತನಕ ನಡೆದು ಹೋಗಿ ಮತ್ತೆ ಸರಳಿಗೆ ಬಂದ.

ನನಗೆ ತಡೆಯಲಾಗಲಿಲ್ಲ. ನಾಳೆ ನಿನ್ನನ್ನು ಠಾಣೆಗೆ ಒಯ್ಯುತ್ತಾರೆ, ಉಳಿದ ಬೆರಳೂ ಹೋಗುತ್ತವೆ, ನೀನು ಒಳಗೆ ಹೋಗಿಲ್ಲ ಅಂತಾದರೆ ಕಣ್ಣಿಗೆ ಬಳಿದವನು ನೀನಲ್ಲ, ಇಷ್ಟು ಸಣ್ಣ ಮಾತು ಹೇಳಲಿಕ್ಕೆ ಏನು ಅಡ್ಡಿ ಅಂತ ಬಾಯಿಗೆ ಬಂದಂತೆ ಬೈದೆ. ಪಹರೆಯ ಪೊಲೀಸಪ್ಪ ಕೂಡ ನಮ್ಮ ಕಡೆ ನೋಡಿದ.

"ಸಣ್ಣ ಮಾತಲ್ರಿ ಅಕ್ಕಾರ," ಅಂದ.

ಆಮೇಲೆ ಎಲ್ಲ ಹೇಳಿದ. ಡಬ್ಬಿ ಕೂರಿಸುವಾಗ ದೇವರನ್ನು ಕಪಾಟಿಗೆ ಎತ್ತಿಟ್ಟು ಅವನನ್ನು ಒಳಗೆ ಬಿಟ್ಟಿದ್ದರು. ಕೆಲಸ ಮುಗಿಸಿ ಹೊರಟವನು ಟೆಸ್ಟರ್ ಮರೆತೆ ಅಂತ ವಾಪಸು ಹೋದರೆ ಕೋಣೆಗೆ ಗೋಮೂತ್ರ ಹಾಕಿ ತೊಳೆಯುತ್ತಿದ್ದರು. ಟೆಸ್ಟರನ್ನು ಯಾರೋ ಅಂಗಳಕ್ಕೆ ಎಸೆದರು. ಅದಾದ ಮೇಲೆ ಅವನು ಹೊಸ್ತಿಲು ದಾಟಿಲ್ಲ. ಪೂಜೆಗೆ ಕರೆದರು ಅಂತ ಹೊಸ ಅಂಗಿ ಹಾಕಿಕೊಂಡು ಹೋದ. ಅಂಗಳದಲ್ಲಿ ಕೂರಿಸಿ ಎಲೆ ಹಾಕಿದರು. ಸೊನ್ನೆಯ ಮಾತನ್ನು ಅಂಗಳದಿಂದಲೇ ಗೋವಿಂದರಾಯರಿಗೆ ಕೂಗಿ ಹೇಳಿದ್ದ. ಅವರು ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದರು.

"ಅವರ ದೇವರು ನನಗ ಬೇಕಿರಲಿಲ್ರಿ. ನಮ್ಮ ಮನ್ಯಾಗ ಬುದ್ಧನ ಫೋಟೊ ಅದ, ಸಾಕು. ನಾ ಮಾಡಿದ್ದು ಚಾಲೂ ಆಗೂದು ನೋಡಬೇಕಾಗಿತ್ತು, ಅಷ್ಟs."

ಊರಿಗೆ ಹೋದಾಗ ತಾಯಿ ಮಾಣಿಕಮ್ಮ ಕೇಳಿದಳು, ಎಲ್ಲಿ ಕೂರಿಸಿದರಪ್ಪ ಅಂತ. ಒಳಗೆ ಅಂದುಬಿಟ್ಟ. ದೇವರ ಕೋಣೆಗೂ ಕರೆದರು, ಆರತಿ ಕೊಟ್ಟರು ಅಂತ ಇನ್ನಷ್ಟು ಸೇರಿಸಿದ. ಅವಳು ಅದನ್ನು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು. ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ ಅವಳು ಠಾಣೆಯ ಬಾಗಿಲಲ್ಲೇ ನಿಂತಿದ್ದಳು. ಅವಳ ಎದುರಿಗೆ ಮಾತು ಹೇಗೆ ತಿರುಗಿಸಲಿ ಅಂದ. ಆ ಸುಳ್ಳಿಗೆ ಗೋವಿಂದರಾಯರು ಖುಷಿಯಿಂದ ಹೂಂ ಅಂದರು, ಅವರಿಗೆ ಅವರ ಹೆಸರು ಉಳಿಯಬೇಕಿತ್ತು. ಇಬ್ಬರ ಸುಳ್ಳೂ ಸೇರಿ ಇವನ ಕೊರಳಿಗೆ ಬಿದ್ದಿತ್ತು.

"ನಾಳೆ ಕೋರ್ಟಿಗೆ ನಮ್ಮವ್ವ ಬರ್ತಾಳ್ರಿ. ಆಕಿ ಮುಂದ ಈ ಮಾತು ತಗೀಬ್ಯಾಡ್ರಿ," ಅಂತ ಕೈ ಮುಗಿದ. ಬಾತ ಬೆರಳು ಒಂದಕ್ಕೊಂದು ಕೂಡಲಿಲ್ಲ.

ನಾನು ಏನೂ ಮಾತು ಕೊಡದೆ ಹೊರಗೆ ಬಂದೆ. ಅತ್ತುಬಿಡುತ್ತೇನೆ ಅನ್ನಿಸಿತ್ತು. ಪೊಲೀಸರ ಮುಂದೆ ಅಳುವುದು ನನ್ನ ಜಾಯಮಾನವಲ್ಲ.

ಅವನು ಒಪ್ಪಿದರೂ ಒಂದು ತೊಡಕಿತ್ತು. ಜೈಲಿಗೆ ಬಿದ್ದ ಮೇಲೆ ಆರೋಪಿ ಮಾತು ಬದಲಿಸಿದರೆ ಮ್ಯಾಜಿಸ್ಟ್ರೇಟರು ಯಾಕೆ ನಂಬಬೇಕು? ವಾಡೆಯ ಒಳಗಿನವರು ಒಬ್ಬರು ಬಂದು ಹೇಳಬೇಕು. ಆ ಮನೆಯವರು ಅದನ್ನು ಹೇಳಿದರೆ ತಮ್ಮ ಮೇಲೆ ತಾವೇ ಅಸ್ಪೃಶ್ಯತೆಯ ಕೇಸು ಎಳೆದುಕೊಂಡ ಹಾಗೆ. ಜಾನಕೀಬಾಯಿ ಗಂಡನ ಕೆಮ್ಮಿಗೇ ಬಾಯಿ ಮುಚ್ಚುವವರು. ಇನ್ನು ಯಾರು?

ಬಸ್‌ಸ್ಟ್ಯಾಂಡಿನ ಹಾದಿಯಲ್ಲಿ ಮಾರುತಿ ಗುಡಿ. ಅದರ ಕಟ್ಟೆಯ ಮೇಲೆ ಸೆರಗು ಹೊದ್ದು ಯಾರೋ ಕೂತಿದ್ದರು. ಹತ್ತಿರ ಹೋದಾಗ ವತ್ಸಲಾಬಾಯಿ. ವಾಡೆಯಿಂದ ಅಷ್ಟು ದೂರ ಅವರು ಒಬ್ಬರೇ ನಡೆದು ಬಂದಿದ್ದರು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಎರಡೂ ಕೈ ಸೆರಗಿನೊಳಗೆ ಇದ್ದವು.

ಸೊಸೆಯ ಮಾತು ನಾನೂ ಕೇಳಿಸಿಕೊಂಡೆ, ಮಗ ಹೇಳಿದ್ದೂ ಕೇಳಿದೆ ಅಂದರು. ಹುಡುಗನಿಗೆ ತುಂಬಾ ಹೊಡೆದಿದ್ದಾರಂತೆ, ಹೌದೇ ಅಂತ ಕೇಳಿದರು. ನಾನು ಏನೂ ಮುಚ್ಚಿಡಲಿಲ್ಲ. ಬೆರಳಿನ ಸಂಗತಿ ಹೇಳುವಾಗ ಅವರು ಕಣ್ಣು ಮುಚ್ಚಿಕೊಂಡರು.

"ಕೋರ್ಟಿಗೆ ನಾ ಬರ್ತೇನಿ. ಆ ಹುಡುಗ ಹೊಸ್ತಿಲ ದಾಟಿಲ್ಲ ಅಂತ ಹೇಳ್ತೇನಿ. ದಾಟಬ್ಯಾಡ ಅಂದಾಕಿ ನಾನs. ಕೋಣಿ ತೊಳಿಸಿದಾಕಿನೂ ನಾನs."

ಬೆಳಗ್ಗೆ ಅವರ ಮೇಲೆ ಬಂದಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಕೇಸಾಗಬಹುದು, ಮಗ ಮನೆ ಬಿಡಿಸಬಹುದು ಅಂತ ಎಚ್ಚರಿಸಿದೆ. ಆಗಲಿ ಅಂದರು. ಕೇಳಿದ್ದು ಒಂದೇ: ನಾನು ಇಷ್ಟು ಹೇಳಿದರೆ ಹುಡುಗ ಹೊರಗೆ ಬರುತ್ತಾನಲ್ಲ? ಬರುತ್ತಾನೆ ಅಂದೆ. ಹಾಗಾದರೆ ನೀ ಹೋಗವಾ, ದೀಪಕ್ಕೆ ಎಣ್ಣೆ ಹಾಕುವ ಹೊತ್ತಾಯಿತು ಅಂತ ಎದ್ದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಆ ಮನೆಯ ಮಡಿವಂತಿಕೆಗೆ ಇಷ್ಟು ಹೊತ್ತು ಹಲ್ಲು ಕಡಿದವಳು ನಾನೇ.

ಬಸ್‌ಸ್ಟ್ಯಾಂಡಿನಲ್ಲಿ ಮಾಣಿಕಮ್ಮ ಸಿಕ್ಕಳು. ಮಗನಿಗೆ ರೊಟ್ಟಿ ಕೊಟ್ಟು ಬಂದು ಆಳಂದದ ಬಸ್ಸಿಗೆ ಕಾದಿದ್ದಳು. ನನ್ನ ಜೇವರ್ಗಿ ಬಸ್ಸಿಗೂ ಹೊತ್ತಿತ್ತು. ಪಕ್ಕದಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಹೇಗೆ ಶುರುಮಾಡಲಿ? ಕೊನೆಗೆ, ನಾಳೆ ಕೋರ್ಟಿನಲ್ಲಿ ನಿಮಗೆ ನೋವಾಗುವಂಥ ಒಂದು ಮಾತು ಬರುತ್ತದೆ ಅಂದೆ.

"ಅಂಗಳದಾಗ ಕುಂದ್ರಿಸಿದ್ದಾ?" ಅಂದಳು.

ನಿಮಗೆ ಹೇಗೆ ಗೊತ್ತು ಅಂದೆ.

"ಹಬ್ಬದ ಊಟ ಉಂಡು ಬಂದೇನಿ ಅಂದಾಂವ, ಮನಿಗೆ ಬಂದು ಗಡಿಗ್ಯಾಗಿನ ತಂಗಳ ರೊಟ್ಟಿ ಹುಡುಕಿ ತಿಂದ್ರಿ. ಎಲಿ ಮುಂದ ಕುಂತಾಂವಗ ತುತ್ತು ಇಳಿದಿಲ್ಲ ಅಂತ ತಿಳೀತು. ಅವ ನನ್ನ ಸಲುವಾಗಿ ಸುಳ್ಳು ಹೇಳಿದ. ನಾ ಅವನ ಸಲುವಾಗಿ ಓಣ್ಯಾಗ ಹೇಳ್ಕೋತ ತಿರುಗಿದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೇಳ್ರಿ ನೀವು. ಎಲ್ಲಾರ ಮುಂದ ಹೇಳ್ರಿ. ನನ್ನ ಮಗ ಹೊರಗ ಬರಲಿ."

ವಾಡೆಯ ಅಜ್ಜಿಯೇ ಸಾಕ್ಷಿ ಹೇಳಲು ಬರುತ್ತಾರೆ ಅಂದೆ. ಆಗ ಮಾತ್ರ ನನಗೆ ತಡೆಯಲಾಗಲಿಲ್ಲ. ಅಳು ಬಂತು. ಕಣ್ಣು ಒರೆಸಿಕೊಳ್ಳಲು ಕರವಸ್ತ್ರ ತೆಗೆದೆ.

ಬೆಳಗಿನ ಕುಂಕುಮ ಅದರ ಮೇಲೆ ಹಾಗೆಯೇ ಇತ್ತು. ಇಡೀ ಮಧ್ಯಾಹ್ನ ಅದೇ ಬಟ್ಟೆಯಿಂದ ಬೆವರು ಒರೆಸಿದ್ದೇನೆ. ಒಣ ಕುಂಕುಮವಾದರೆ ಯಾವತ್ತೋ ಉದುರಿ, ಹರಡಿ ಹೋಗಬೇಕಿತ್ತು. ಉಗುರಿನಿಂದ ಕೆರೆದೆ. ಉಗುರಿಗೆ ಜಿಡ್ಡು ಮೆತ್ತಿತು. ಮೂಗಿಗೆ ಹಿಡಿದೆ. ಜೇನಿನ ವಾಸನೆ.

ಮೇಣ.

ನಮ್ಮಜ್ಜಿ ನಿಂಬೆವ್ವ ನೆನಪಾದಳು. ಬೆಳಗ್ಗೆ ಕನ್ನಡಿ ಮುಂದೆ ಕೂತು ಮೊದಲು ಹಣೆಗೆ ಮೇಣ ತಿಕ್ಕಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದಳು. ಹೊಲದಲ್ಲಿ ಬೆವರು ಸುರಿದರೂ ಅದು ಸಂಜೆತನಕ ಕದಲುತ್ತಿರಲಿಲ್ಲ. ಈಗ ಯಾರು ಹಾಗೆ ಇಟ್ಟುಕೊಳ್ಳುತ್ತಾರೆ? ಜಾನಕೀಬಾಯಿಗೆ ಅಂಗಡಿಯ ಟಿಕಳಿ ಇದೆ. ಗಂಡಸರಿಗೆ ಆ ಸಂಗತಿಯೇ ಗೊತ್ತಿರುವುದಿಲ್ಲ. ಕಣ್ಣಿಗೆ ಕುಂಕುಮ ಬಳಿಯಬೇಕಾದಾಗ ಮೊದಲು ಮೇಣ ತಿಕ್ಕುವ ಕೈ, ಹಾಗೆ ತಿಕ್ಕಿ ತಿಕ್ಕಿ ಮುದಿಯಾದ ಕೈಯೇ ಆಗಿರಬೇಕು.

ನಮ್ಮ ಕಾಲದ ಕುಂಕುಮ ಎಂಥ ಬೆವರಿಗೂ ಅಲ್ಲಾಡುತ್ತಿರಲಿಲ್ಲ ಅಂತ ವತ್ಸಲಾಬಾಯಿ ಸೊಸೆಗೆ ಅಂದಿದ್ದರು.

ಕಟ್ಟೆಯ ಮೇಲೆ ಕೂತಷ್ಟು ಹೊತ್ತೂ ಅವರು ಸೆರಗಿನಿಂದ ಕೈ ಹೊರಗೆ ತೆಗೆದಿರಲಿಲ್ಲ.

ನನ್ನ ಕಾಲು ಮೊದಲ ಸಲ ಅಲ್ಲಾಡದೆ ನಿಂತವು. ಹುಡುಗನನ್ನು ಬಿಡಿಸಬಲ್ಲ ಒಬ್ಬಳೇ ಸಾಕ್ಷಿ, ಗಂಟೆಯ ಕಣ್ಣು ಕಟ್ಟಿದವಳು. ಕಳ್ಳಿಯ ಮಾತನ್ನು ಯಾವ ಮ್ಯಾಜಿಸ್ಟ್ರೇಟರು ನಂಬುತ್ತಾರೆ? ಕರವಸ್ತ್ರ ನಾನು ಒಗೆದು ಹಾಕಬಹುದು. ಆದರೆ ಬೀರಲಿಂಗಪ್ಪನ ಜೇಬಿನಲ್ಲಿ ಮುದ್ರೆ ಹಾಕಿದ ಪೊಟ್ಟಣ ಇದೆ, ಅದರಲ್ಲೂ ಇದೇ ಮೇಣ. ಕಟ್ಟು, ಮುದ್ರೆ ಹಾಕು ಅಂತ ಹಟ ಹಿಡಿದವಳು ನಾನೇ.

ಆಳಂದದ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಮಾಣಿಕಮ್ಮ ಬುತ್ತಿಯ ಗಂಟು ಎತ್ತಿಕೊಂಡು ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿ ನಿಂತಳು. ಅವಳ ಮುಖದ ಮೇಲೆ ಅಷ್ಟು ದಿನ ಇಲ್ಲದ ಕಳೆ ಇತ್ತು.

"ಅಕ್ಕಾರ, ಆ ವಾಡೇದ ಅಜ್ಜಿ ನಾಳೆ ಖರೇನ ಬರ್ತಾಳಲ್ರಿ?"

ಕರವಸ್ತ್ರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಬರ್ತಾಳ ಅಂದೆ.